ಫ್ಯಾಟಿ ಲಿವರ್ ಪತ್ತೆ: ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ

ಕಿಡ್ನಿ ಕಲ್ಲು ಇದೆಯಾ ನೋಡೋಣ ಅಂತ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಕಲ್ಲು ಇರುವುದಿಲ್ಲ, ಆದರೆ ರಿಪೋರ್ಟಿನ ಕೊನೆಗೆ ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತ ಒಂದು ಸಾಲು ಇರುತ್ತದೆ. ಅಲ್ಲಿಂದ ಮುಂದೆ ಹೆಚ್ಚಿನವರು ಎರಡೇ ದಾರಿ ಹಿಡಿಯುತ್ತಾರೆ. ‘ಈಗ ಯಾರಿಗಿಲ್ಲ ಹೇಳಿ’ ಅಂತ ರಿಪೋರ್ಟನ್ನು ಬೀರುವಿಗೆ ಸೇರಿಸುತ್ತಾರೆ. ಇಲ್ಲಾ, ಲಿವರೇ ಹೋಯ್ತು ಅಂತ ಗಾಬರಿಯಾಗಿ ಸಿಕ್ಕಸಿಕ್ಕ ಕಷಾಯ ಶುರು ಮಾಡುತ್ತಾರೆ.

ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ. ಕೊಬ್ಬು ಇದೆ ಸರಿ, ಲಿವರ್ ಗಟ್ಟಿಯಾಗಲು ಶುರುವಾಗಿದೆಯಾ? ಈ ಗಟ್ಟಿಯಾಗುವುದಕ್ಕೆ ವೈದ್ಯರು ಫೈಬ್ರೋಸಿಸ್ ಅನ್ನುತ್ತಾರೆ. ಅದು ವಿಪರೀತಕ್ಕೆ ಹೋದರೆ ಸಿರೋಸಿಸ್. ಮುಂದೆ ಲಿವರ್‌ಗೆ ಏನಾಗಬಹುದು ಅನ್ನುವುದನ್ನು ಕೊಬ್ಬಿನ ಗ್ರೇಡ್‌ಗಿಂತ ಜಾಸ್ತಿ ಹೇಳುವುದು ಫೈಬ್ರೋಸಿಸ್. ಸ್ಕ್ಯಾನಿಂಗ್ ರಿಪೋರ್ಟಿನ ಗ್ರೇಡ್ ಅದನ್ನು ಹೇಳುವುದೇ ಇಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಕ್ರಮವಾಗಿ ನೋಡಿ. ಔಷಧಿ ಬರೆಯುವುದು, ಕೊನೆಯ ತೀರ್ಮಾನ ಹೇಳುವುದು ವೈದ್ಯರ ಕೆಲಸ. ಸರಿಯಾದ ಕಾಗದ ಹಿಡಿದು ಅವರ ಮುಂದೆ ಕೂರುವುದು ನಮ್ಮ ಕೆಲಸ.

## ಮೊದಲು ಇವನ್ನು ಜೋಡಿಸಿಕೊಳ್ಳಿ

ಒಂದು ಟೈಲರ್ ಟೇಪು, ತೂಕದ ಯಂತ್ರ, ಮೊಬೈಲ್‌ನ ಕ್ಯಾಲ್ಕುಲೇಟರ್. ಕಳೆದ ಎರಡು ಮೂರು ವರ್ಷದ ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ರಿಪೋರ್ಟುಗಳು. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ, ಪುಡಿ, ಲೇಹ್ಯ, ಜಿಮ್ ಪೌಡರ್‌ಗಳ ಪಟ್ಟಿ. ‘ಅದೇನು ಔಷಧಿಯಲ್ಲ ಬಿಡಿ’ ಅನ್ನಿಸುವಂಥದ್ದನ್ನೂ ಬರೆಯಿರಿ. ಅದು ಯಾಕೆ ಅಂತ ಹಂತ 5ರಲ್ಲಿ ಗೊತ್ತಾಗುತ್ತದೆ.

## ಹಂತ 1: ನಿಮ್ಮ ಅಪಾಯ ಎಷ್ಟು ಅಂತ ಮನೆಯಲ್ಲೇ ನೋಡಿ

ಲಕ್ಷಣಕ್ಕಾಗಿ ಕಾಯಬೇಡಿ. ಫ್ಯಾಟಿ ಲಿವರ್ ಇರುವ ಹೆಚ್ಚಿನವರಿಗೆ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಕೆಲವರಿಗೆ ಸುಸ್ತು, ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಅನ್ನಿಸಬಹುದು, ಅಷ್ಟೇ. ಊಟ ಆದ ಮೇಲೆ ಹೊಟ್ಟೆ ಉಬ್ಬರಿಸಿದರೆ ಅದು ಬಹುತೇಕ ಗ್ಯಾಸ್. ಅದನ್ನು ಲಿವರ್ ತಲೆಗೆ ಕಟ್ಟಬೇಡಿ.

ಸೊಂಟದ ಸುತ್ತಳತೆ ತೆಗೆಯಿರಿ. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ. ಹೊಟ್ಟೆ ಬಂದ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಹಾಗಾಗಿ ಹತ್ತು ವರ್ಷವಾದರೂ ಅದೇ 34 ಇರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ ಎರಡರ ನಡುವೆ ಟೇಪು ಸುತ್ತಿ. ಉಸಿರು ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಯಾರೂ ನೋಡುತ್ತಿಲ್ಲ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಜಾಸ್ತಿ ಅಂತ ಲೆಕ್ಕ.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. 1.65 ಮೀಟರ್ ಎತ್ತರ, 68 ಕೆಜಿ ಇದ್ದರೆ ಸುಮಾರು 25. ನಮ್ಮಂಥ ಏಷ್ಯಾದವರಿಗೆ 23 ದಾಟಿದರೇ ಜಾಸ್ತಿ. ‘ನಾನು ದಪ್ಪ ಇಲ್ವಲ್ಲ’ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಲ್ಲೂ ಫ್ಯಾಟಿ ಲಿವರ್ ಸಾಕಷ್ಟು ಕಾಣುತ್ತದೆ.

ಇದರ ಜೊತೆ ನೋಡಬೇಕಾದ್ದು: ಖಾಲಿ ಹೊಟ್ಟೆ ಶುಗರ್ 100 ಅಥವಾ ಜಾಸ್ತಿ, ಇಲ್ಲವೇ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 5.7 ಅಥವಾ ಜಾಸ್ತಿ. ಬಿಪಿ 130/85 ಅಥವಾ ಜಾಸ್ತಿ. ರಕ್ತದಲ್ಲಿರುವ ಕೊಬ್ಬಾದ ಟ್ರೈಗ್ಲಿಸರೈಡ್ 150 ಅಥವಾ ಜಾಸ್ತಿ. ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಗಂಡಸರಲ್ಲಿ 40, ಹೆಂಗಸರಲ್ಲಿ 50 ಅಥವಾ ಕಡಿಮೆ. ಇವಕ್ಕೆ ಈಗಾಗಲೇ ಮಾತ್ರೆ ನುಂಗುತ್ತಿದ್ದರೆ, ರಿಪೋರ್ಟ್ ನಾರ್ಮಲ್ ಬಂದರೂ ‘ಇದೆ’ ಅಂತಲೇ ಬರೆದುಕೊಳ್ಳಿ.

ಸೊಂಟ ಅಥವಾ ಬಿಎಂಐ, ಶುಗರ್, ಬಿಪಿ, ಟ್ರೈಗ್ಲಿಸರೈಡ್, ಎಚ್‌ಡಿಎಲ್. ಒಟ್ಟು ಐದು. ಲಿವರ್‌ನಲ್ಲಿ ಕೊಬ್ಬಿದ್ದು, ಈ ಐದರಲ್ಲಿ ಒಂದಾದರೂ ಇದ್ದು, ಬೇರೆ ಕಾರಣ ಇಲ್ಲದಿದ್ದರೆ ಅದನ್ನೀಗ ಎಂಎಎಸ್‌ಎಲ್‌ಡಿ ಅನ್ನುತ್ತಾರೆ. 2023ರವರೆಗೆ ಇದಕ್ಕೆ ಎನ್‌ಎಎಫ್‌ಎಲ್‌ಡಿ ಅಂತ ಹೆಸರಿತ್ತು. ಒಂದು ರಿಪೋರ್ಟಿನಲ್ಲಿ ಹಳೆ ಹೆಸರು, ಇನ್ನೊಂದರಲ್ಲಿ ಹೊಸದು ಕಂಡರೆ ಎರಡು ಕಾಯಿಲೆ ಬಂತು ಅಂತ ಗಾಬರಿಯಾಗಬೇಡಿ.

30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನೂ ಇದೇ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಅಲ್ಲಿಂದ ಶುರು ಮಾಡಿದರೆ ಜೇಬಿಗೂ ಹಗುರ.

## ಹಂತ 2: ಕುಡಿತದ ಲೆಕ್ಕವನ್ನು ಗ್ರಾಂನಲ್ಲಿ ಹಾಕಿ

ಜಾಸ್ತಿ ಜನ ಎಡವುವುದು ಇಲ್ಲೇ. ವೈದ್ಯರು ‘ಡ್ರಿಂಕ್ಸ್ ತಗೋತೀರಾ’ ಅಂದರೆ ಹೆಂಡತಿ ಮುಖ ನೋಡಿ ‘ಅಪರೂಪಕ್ಕೆ ಸರ್, ಫಂಕ್ಷನ್ ಇದ್ದಾಗ’ ಅನ್ನುತ್ತಾರೆ. ಆ ಉತ್ತರದ ಮೇಲೆ ಇಡೀ ಪತ್ತೆ ದಾರಿ ತಪ್ಪುತ್ತದೆ. ಕುಡಿತದಿಂದ ಬಂದ ಕೊಬ್ಬು, ಶುಗರ್ ಮತ್ತು ತೂಕದಿಂದ ಬಂದ ಕೊಬ್ಬು ಸ್ಕ್ಯಾನಿಂಗ್‌ನಲ್ಲಿ ಒಂದೇ ಥರ ಕಾಣುತ್ತವೆ. ಬಿಡಿಸಿ ಹೇಳಬೇಕಾದವರು ನೀವೇ.

ಲೆಕ್ಕ ಸುಲಭ. ಎಷ್ಟು ಮಿಲಿ, ಅದರಲ್ಲಿ ಆಲ್ಕೋಹಾಲ್ ಶೇಕಡಾ ಎಷ್ಟು, ಎರಡನ್ನೂ ಗುಣಿಸಿ 100ರಿಂದ ಭಾಗಿಸಿ. ಬಂದದ್ದನ್ನು 0.8ರಿಂದ ಗುಣಿಸಿ. ಶೇ. 42.8 ಇರುವ ವಿಸ್ಕಿ ಒಂದು ಕ್ವಾರ್ಟರ್, ಅಂದರೆ 180 ಮಿಲಿ, ಸುಮಾರು 62 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರ್ 650 ಮಿಲಿ ಬಾಟಲಿ ಒಂದು, ಸುಮಾರು 42 ಗ್ರಾಂ. ಶೇ. 5ರ ಬಿಯರ್ ಆದರೆ 26 ಗ್ರಾಂ.

ಮಿತಿ ವಾರಕ್ಕೆ ಗಂಡಸರಿಗೆ 210 ಗ್ರಾಂ, ಹೆಂಗಸರಿಗೆ 140 ಗ್ರಾಂ. ಇದು ‘ಇಷ್ಟು ಕುಡಿಯಬಹುದು’ ಅನ್ನುವ ಪರವಾನಗಿಯಲ್ಲ. ಕಾಯಿಲೆಗೆ ಯಾವ ಹೆಸರು ಕೊಡಬೇಕು ಅಂತ ತೀರ್ಮಾನಿಸಲು ಹಾಕಿದ ಗೆರೆ, ಅಷ್ಟೇ. ಈಗ ‘ವೀಕೆಂಡ್ ಮಾತ್ರ’ ಅನ್ನುವವರ ಲೆಕ್ಕ ನೋಡಿ. ಶುಕ್ರವಾರ, ಶನಿವಾರ, ಭಾನುವಾರ ಮೂರೂ ದಿನ ಒಂದೊಂದು ಕ್ವಾರ್ಟರ್, ಒಂದೊಂದು ಸ್ಟ್ರಾಂಗ್ ಬಿಯರ್. ಒಟ್ಟು 300 ಗ್ರಾಂ ದಾಟಿತು. ಸೋಮವಾರದಿಂದ ಗುರುವಾರದವರೆಗೆ ಮುಟ್ಟದಿದ್ದರೂ ಗೆರೆ ದಾಟಿದ ಹಾಗೇ.

ಮನೆಯವರ ಮುಂದೆ ಹೇಳಲು ಮುಜುಗರವಾದರೆ ಲೆಕ್ಕವನ್ನು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಒಬ್ಬರೇ ಹೋದರೆ ಇನ್ನೂ ಒಳ್ಳೆಯದು.

## ಹಂತ 3: ರಕ್ತ ಪರೀಕ್ಷೆ

ಕೇಳಬೇಕಾದ್ದು ಲಿವರ್ ಫಂಕ್ಷನ್ ಟೆಸ್ಟ್ ಒಂದೇ ಅಲ್ಲ. ಅದರ ಜೊತೆ ಪ್ಲೇಟ್‌ಲೆಟ್ ಬರುವ ಸಿಬಿಸಿ (ರಕ್ತಕಣಗಳ ಎಣಿಕೆ), ಖಾಲಿ ಹೊಟ್ಟೆ ಶುಗರ್, ಎಚ್‌ಬಿಎ1ಸಿ, ಲಿಪಿಡ್ ಪ್ರೊಫೈಲ್ ಎಲ್ಲವನ್ನೂ ಒಂದೇ ದಿನ ಕೊಡಿ. ಸಿಬಿಸಿ ಬಿಟ್ಟುಬಿಟ್ಟರೆ ಹಂತ 6ಕ್ಕೆ ಬಂದಾಗ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಾಗುತ್ತದೆ.

ಪರೀಕ್ಷೆಗೆ ಮುಂಚಿನ ವಾರ ಭಾರೀ ಜಿಮ್ ಬೇಡ. ಲಿವರ್ ಫಂಕ್ಷನ್ ಟೆಸ್ಟಿನಲ್ಲಿ ಬರುವ ಎಸ್‌ಜಿಒಟಿ (ಎಎಸ್‌ಟಿ), ಎಸ್‌ಜಿಪಿಟಿ (ಎಎಲ್‌ಟಿ) ಅನ್ನುವ ಕಿಣ್ವಗಳು ಸ್ನಾಯುಗಳಲ್ಲೂ ಇರುತ್ತವೆ. ಭಾನುವಾರ ಸಿಕ್ಕಾಪಟ್ಟೆ ಭಾರ ಎತ್ತಿ ಸೋಮವಾರ ರಕ್ತ ಕೊಟ್ಟರೆ ನಂಬರ್ ಸುಮ್ನೆ ಏರಿರುತ್ತದೆ. ಜ್ವರ ಇದ್ದಾಗಲೂ ಬೇಡ.

ರಿಪೋರ್ಟ್ ಬಂದಾಗ ಆಗುವ ದೊಡ್ಡ ತಪ್ಪು: ಎಸ್‌ಜಿಪಿಟಿ ನಾರ್ಮಲ್ ಇದೆ, ಹಾಗಾದರೆ ಲಿವರ್ ಚೆನ್ನಾಗಿದೆ ಅನ್ನುವುದು. ಹಾಗಲ್ಲ. ಫ್ಯಾಟಿ ಲಿವರ್ ಇರುವ ಎಷ್ಟೋ ಜನರಲ್ಲಿ ಎಸ್‌ಜಿಪಿಟಿ ಪೂರ್ತಿ ನಾರ್ಮಲ್ ಇರುತ್ತದೆ. ಫೈಬ್ರೋಸಿಸ್ ಆದವರಲ್ಲೂ ಇರಬಹುದು. ಇನ್ನೊಂದು ವಿಷಯ, ಲ್ಯಾಬ್‌ಗಳು ನಾರ್ಮಲ್ ಅಂತ 40, 45, ಕೆಲವೆಡೆ 55ರವರೆಗೂ ಮುದ್ರಿಸುತ್ತವೆ. ಆರೋಗ್ಯವಂತರಲ್ಲಿ ಅದು ಗಂಡಸರಿಗೆ ಸುಮಾರು 33ರೊಳಗೆ, ಹೆಂಗಸರಿಗೆ 25ರೊಳಗೆ ಇರಬೇಕು ಅನ್ನುವುದು ಲಿವರ್ ತಜ್ಞರ ಮಾತು. ದಪ್ಪ ಅಕ್ಷರದಲ್ಲಿ ಬಂದಿಲ್ಲ ಅಂತ ಸುಮ್ಮನಾಗಬೇಡಿ, ನಂಬರ್ ಓದಿ.

ಎಸ್‌ಜಿಒಟಿಯು ಎಸ್‌ಜಿಪಿಟಿಯ ಎರಡು ಪಟ್ಟಿಗಿಂತ ಜಾಸ್ತಿ ಇದ್ದರೆ ಕುಡಿತದ ಕಡೆ ಅನುಮಾನ ಹೋಗುತ್ತದೆ. ಕುಡಿಯದವರಲ್ಲಿ ಎಸ್‌ಜಿಒಟಿ ಎಸ್‌ಜಿಪಿಟಿಯನ್ನು ಮೀರಿದ್ದರೆ ಫೈಬ್ರೋಸಿಸ್ ಮುಂದುವರಿದಿದೆಯಾ ಅಂತ ನೋಡಬೇಕು. ಬೇರೆಲ್ಲ ಸರಿಯಿದ್ದು ಬಿಲಿರುಬಿನ್ ಮಾತ್ರ ಸ್ವಲ್ಪ ಏರಿದ್ದರೆ, ಅದರಲ್ಲೂ ಇಂಡೈರೆಕ್ಟ್ ಭಾಗ ಏರಿದ್ದರೆ, ಅದು ಗಿಲ್ಬರ್ಟ್ ಅನ್ನುವ ನಿರಪಾಯದ ಹುಟ್ಟುಗುಣ ಇರಬಹುದು. ಅದಕ್ಕೆ ಜಾಂಡೀಸ್ ನಾಟಿ ಔಷಧಿ ಹುಡುಕಿಕೊಂಡು ಹೋಗಬೇಡಿ.

## ಹಂತ 4: ಹೊಟ್ಟೆಯ ಸ್ಕ್ಯಾನಿಂಗ್

ಆರರಿಂದ ಎಂಟು ಗಂಟೆ ಏನೂ ತಿನ್ನದೆ ಹೋಗಿ. ಬೆಳಗಿನ ಹೊತ್ತಾದರೆ ಸುಲಭ.

ಕೊಬ್ಬು ತುಂಬಿದ ಲಿವರ್ ಪರದೆಯ ಮೇಲೆ ಪಕ್ಕದ ಬಲ ಕಿಡ್ನಿಗಿಂತ ಬೆಳ್ಳಗೆ ಕಾಣುತ್ತದೆ. ಬರೀ ಬೆಳ್ಳಗಿದ್ದು ರಕ್ತನಾಳದ ಅಂಚು, ವಪೆಯ ಗೆರೆ ಚೆನ್ನಾಗಿ ಕಂಡರೆ ಗ್ರೇಡ್ 1. ಅವು ಮಸುಕಾದರೆ ಗ್ರೇಡ್ 2. ಹಿಂಭಾಗ ಕಾಣದೇ ಹೋದರೆ ಗ್ರೇಡ್ 3. ಇದು ಕಣ್ಣಂದಾಜು. ಒಂದೇ ವಾರದಲ್ಲಿ ಒಂದು ಕಡೆ ಗ್ರೇಡ್ 1, ಇನ್ನೊಂದು ಕಡೆ ಗ್ರೇಡ್ 2 ಅಂತ ಬಂದರೆ ಕಾಯಿಲೆ ಓಡಿತು ಅಂತಲ್ಲ, ನೋಡಿದ ಕಣ್ಣು ಬೇರೆ, ಯಂತ್ರ ಬೇರೆ.

ಲಿವರ್ ಕೋಶಗಳಲ್ಲಿ ಶೇ. 5ಕ್ಕಿಂತ ಜಾಸ್ತಿಯವುಗಳಲ್ಲಿ ಕೊಬ್ಬಿದ್ದರೇ ಫ್ಯಾಟಿ ಲಿವರ್. ಆದರೆ ಅಲ್ಟ್ರಾಸೌಂಡ್‌ಗೆ ಚೆನ್ನಾಗಿ ಕಾಣಲು ಸುಮಾರು ಶೇ. 20ರಿಂದ 30 ಆದರೂ ಇರಬೇಕು. ಹೊಟ್ಟೆ ದಪ್ಪ ಇದ್ದಷ್ಟೂ ಚಿತ್ರ ಮಂಕು. ಹಾಗಾಗಿ ‘ಲಿವರ್ ನಾರ್ಮಲ್’ ಅಂತ ಬಂದರೂ ಸಕ್ಕರೆ ಕಾಯಿಲೆ ಇರುವವರು ಹಂತ 6 ಬಿಡಬಾರದು.

ಗ್ರೇಡ್‌ಗಿಂತ ರಿಪೋರ್ಟಿನಲ್ಲಿ ಇವನ್ನು ಹುಡುಕಿ: ಲಿವರ್‌ನ ಮೇಲ್ಮೈ ಏರುತಗ್ಗು, ಗುಲ್ಮ (ಸ್ಪ್ಲೀನ್) ದೊಡ್ಡದಾಗಿರುವುದು, ಲಿವರ್‌ಗೆ ರಕ್ತ ತರುವ ಪೋರ್ಟಲ್ ವೇನ್ ಹಿಗ್ಗಿರುವುದು, ಹೊಟ್ಟೆಯಲ್ಲಿ ನೀರು, ಯಾವುದಾದರೂ ಗಂಟು. ಇವುಗಳಲ್ಲಿ ಒಂದಿದ್ದರೂ ಮುಂದಿನ ಹಂತಗಳನ್ನು ನೀವೇ ಮಾಡುತ್ತಾ ಕೂರಬೇಡಿ. ನೇರವಾಗಿ ಲಿವರ್ ಅಥವಾ ಗ್ಯಾಸ್ಟ್ರೋ ತಜ್ಞರ ಹತ್ತಿರ ಹೋಗಿ. ಒಂದು ವಿಚಿತ್ರ ಗೊತ್ತಿರಲಿ. ಸಿರೋಸಿಸ್ ಮುಂದುವರಿದಾಗ ಲಿವರ್‌ನ ಕೊಬ್ಬು ಕರಗಿಹೋಗಬಹುದು. ಹಳೆ ರಿಪೋರ್ಟಿನಲ್ಲಿ ಗ್ರೇಡ್ 2 ಇದ್ದು ಈಗ ಕೊಬ್ಬೇ ಇಲ್ಲ, ಆದರೆ ಪ್ಲೇಟ್‌ಲೆಟ್ ಇಳಿಯುತ್ತಿದೆ ಅಂದರೆ ಸಂತೋಷಪಡುವ ವಿಷಯ ಅಲ್ಲ.

## ಹಂತ 5: ಬೇರೆ ಕಾರಣಗಳನ್ನು ತೆಗೆದುಹಾಕಿ

ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ, ಹೆಪಟೈಟಿಸ್ ಸಿಗೆ ಆ್ಯಂಟಿ ಎಚ್‌ಸಿವಿ. ಈ ಎರಡು ಪರೀಕ್ಷೆ ಒಮ್ಮೆಯಾದರೂ ಆಗಿರಲೇಬೇಕು. ಸ್ಕ್ಯಾನಿಂಗ್‌ನಲ್ಲಿ ಕೊಬ್ಬು ಕಂಡಿತು ಅಂತ ವೈರಸ್ ಇಲ್ಲ ಅಂತೇನಿಲ್ಲ, ಎರಡೂ ಒಟ್ಟಿಗೆ ಇರಬಹುದು. ಥೈರಾಯ್ಡ್‌ಗೆ ಟಿಎಸ್‌ಎಚ್ ನೋಡಿಸಿ. ವಯಸ್ಸು 40ರೊಳಗಿದ್ದು ಎಸ್‌ಜಿಪಿಟಿ ಏರಿಯೇ ಇದ್ದರೆ ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಗಾಗಿ ಸೆರುಲೋಪ್ಲಾಸ್ಮಿನ್, ಅನುಮಾನ ಬಂದರೆ ಆಟೋಇಮ್ಯೂನ್ ಪರೀಕ್ಷೆಗಳನ್ನು ವೈದ್ಯರು ಬರೆಯುತ್ತಾರೆ. ಫೆರಿಟಿನ್ ಜಾಸ್ತಿ ಬಂದರೆ ಕಬ್ಬಿಣ ಜಾಸ್ತಿಯಾಗಿದೆ ಅಂತಲೇ ಅಲ್ಲ. ಫ್ಯಾಟಿ ಲಿವರ್‌ನಲ್ಲೂ ಅದು ಏರುತ್ತದೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ನೋಡಿದ ಮೇಲೆ ನಿರ್ಧಾರ.

ಇನ್ನು ಔಷಧಿ ಪಟ್ಟಿ. ಸ್ಟಿರಾಯ್ಡ್, ಮೆಥೋಟ್ರೆಕ್ಸೇಟ್, ಟಮಾಕ್ಸಿಫೆನ್, ಅಮಿಯೋಡರೋನ್, ವಾಲ್ಪ್ರೋಯೇಟ್ ಇವು ಲಿವರ್‌ನಲ್ಲಿ ಕೊಬ್ಬು ತರಬಲ್ಲವು. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರನ್ನು ಕೇಳಿ. ಕಷಾಯಗಳೂ ಲೆಕ್ಕಕ್ಕೆ ಬರಬೇಕು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್‌ಗೆ ಪೆಟ್ಟಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ‘ಲಿವರ್ ಕ್ಲೀನ್ ಮಾಡುವ’ ಪುಡಿ ಕುಡಿಯುತ್ತಾ ಎಸ್‌ಜಿಪಿಟಿ ಯಾಕೆ ಇಳಿಯುತ್ತಿಲ್ಲ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ, ಮೊದಲು ಆ ಪುಡಿಯ ಡಬ್ಬಿಯನ್ನು ವೈದ್ಯರಿಗೆ ತೋರಿಸಿ.

ಗರ್ಭಿಣಿಯರಿಗೆ ಈ ಮಾರ್ಗದರ್ಶಿ ಅನ್ವಯಿಸುವುದಿಲ್ಲ. ಕೊನೆಯ ತಿಂಗಳುಗಳಲ್ಲಿ ವಾಂತಿ, ಹೊಟ್ಟೆನೋವು, ಕಣ್ಣು ಹಳದಿ ಕಂಡರೆ ಅದು ಬೇರೆಯದೇ ತುರ್ತು. ತಕ್ಷಣ ಆಸ್ಪತ್ರೆಗೆ ಹೋಗಬೇಕು.

## ಹಂತ 6: ಫಿಬ್-4 ಲೆಕ್ಕ

ಪೂರ್ತಿ ಮಾರ್ಗದರ್ಶಿಯಲ್ಲಿ ಒಂದನ್ನೇ ಓದುತ್ತೀರಿ ಅಂದರೆ ಇದನ್ನು ಓದಿ. ಫೈಬ್ರೋಸಿಸ್ ಮುಂದುವರಿದಿರುವ ಸಾಧ್ಯತೆ ಎಷ್ಟು ಅಂತ ಅಂದಾಜಿಸುವ ಲೆಕ್ಕ ಇದು. ಹೊಸ ಪರೀಕ್ಷೆ ಬೇಡ, ದುಡ್ಡು ಬೇಡ. ಕೈಯಲ್ಲಿರುವ ರಿಪೋರ್ಟಿನಿಂದಲೇ ಬರುತ್ತದೆ. ಆದರೂ ನಾನು ನೋಡುವ ರಿಪೋರ್ಟು ಕಟ್ಟುಗಳಲ್ಲಿ ಇದು ಇರುವುದೇ ಕಡಿಮೆ.

ಬೇಕಾದ್ದು ನಾಲ್ಕು: ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್.

ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಇದು ಮೇಲಿನ ಸಂಖ್ಯೆ. ಎಸ್‌ಜಿಪಿಟಿಯ ವರ್ಗಮೂಲ ತೆಗೆದು ಪ್ಲೇಟ್‌ಲೆಟ್‌ನಿಂದ ಗುಣಿಸಿ. ಇದು ಕೆಳಗಿನ ಸಂಖ್ಯೆ. ಮೇಲಿನದನ್ನು ಕೆಳಗಿನದರಿಂದ ಭಾಗಿಸಿ.

ಪ್ಲೇಟ್‌ಲೆಟ್ ಹಾಕುವಾಗ ಎಚ್ಚರ. ನಮ್ಮ ಲ್ಯಾಬ್‌ಗಳು ‘1.9 ಲಕ್ಷ’ ಅಂತ ಬರೆಯುತ್ತವೆ. ಲೆಕ್ಕಕ್ಕೆ ಅದನ್ನು ಸಾವಿರದಲ್ಲಿ, ಅಂದರೆ 190 ಅಂತ ಹಾಕಬೇಕು. 1.9 ಅಂತ ಹಾಕಿದರೆ ಉತ್ತರ ನೂರು ಪಟ್ಟು ಏರಿ ಎದೆ ನಡುಗುತ್ತದೆ. 1,90,000 ಅಂತ ಹಾಕಿದರೆ ಸೊನ್ನೆಯ ಹತ್ತಿರ ಬಂದು ಸುಳ್ಳು ನೆಮ್ಮದಿ ಸಿಗುತ್ತದೆ.

ಉದಾಹರಣೆಗೆ 48 ವರ್ಷದ ಒಬ್ಬರಿಗೆ ಎಸ್‌ಜಿಒಟಿ 52, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1.9 ಲಕ್ಷ ಅಂತಿಟ್ಟುಕೊಳ್ಳಿ.

ಮೇಲೆ: 48 × 52 = 2496
ಕೆಳಗೆ: 64ರ ವರ್ಗಮೂಲ 8; 190 × 8 = 1520
ಉತ್ತರ: 2496 ÷ 1520 = 1.64

1.3ಕ್ಕಿಂತ ಕಡಿಮೆ ಬಂದರೆ ಮುಂದುವರಿದ ಫೈಬ್ರೋಸಿಸ್ ಇರುವ ಸಾಧ್ಯತೆ ತೀರಾ ಕಡಿಮೆ. 2.67 ದಾಟಿದರೆ ಸಾಧ್ಯತೆ ಜಾಸ್ತಿ, ತಜ್ಞರನ್ನು ನೋಡಲೇಬೇಕು. ನಡುವೆ ಬಂದರೆ ಹೇಳಲಾಗದು, ಹಂತ 7 ಬೇಕು. ನಮ್ಮ ಉದಾಹರಣೆಯವರು ಈ ನಡುವಿನವರು. ವಯಸ್ಸು 65 ದಾಟಿದವರಿಗೆ ಕೆಳಗಿನ ಗೆರೆ 1.3ರ ಬದಲು 2.0, ಯಾಕೆಂದರೆ ವಯಸ್ಸೇ ಉತ್ತರವನ್ನು ಮೇಲಕ್ಕೆ ಎಳೆಯುತ್ತದೆ. 35ರ ಒಳಗಿನವರಿಗೆ ಈ ಲೆಕ್ಕ ನಂಬುವ ಹಾಗಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಮೋಸ ಆಗುತ್ತದೆ. ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಎಸ್‌ಜಿಒಟಿ ಏರುತ್ತದೆ. ಆ ರಿಪೋರ್ಟ್ ಹಿಡಿದು ಫಿಬ್-4 ಮಾಡಿದರೆ ಆರೋಗ್ಯವಂತರಿಗೂ 2.67 ದಾಟಬಹುದು. ಜ್ವರ ಬಿಟ್ಟು, ಪ್ಲೇಟ್‌ಲೆಟ್ ಮಾಮೂಲಿಗೆ ಬಂದು, ಕೆಲವು ವಾರ ಕಳೆದ ಮೇಲೆ ಹೊಸ ರಕ್ತ ಕೊಟ್ಟು ಲೆಕ್ಕ ಹಾಕಿ. ಜಾಂಡೀಸ್ ಆದಾಗಲೂ ಇದೇ ಮಾತು.

## ಹಂತ 7: ಫೈಬ್ರೋಸ್ಕ್ಯಾನ್

ಇದು ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಪರೀಕ್ಷೆ. ಹೆಸರು ಕೇಳಿ ಎಂಆರ್‌ಐ ಥರದ ಸುರಂಗ ಅಂದುಕೊಳ್ಳಬೇಡಿ. ಮಂಚದ ಮೇಲೆ ಮಲಗಿ ಬಲಗೈ ತಲೆಯ ಹಿಂದೆ ಇಟ್ಟುಕೊಳ್ಳಬೇಕು. ಪಕ್ಕೆಲುಬುಗಳ ಸಂದಿಯಲ್ಲಿ ಜೆಲ್ ಹಚ್ಚಿ ಪ್ರೋಬ್ ಇಡುತ್ತಾರೆ. ಬೆರಳಿನಿಂದ ಮೆಲ್ಲಗೆ ಮೀಟಿದ ಹಾಗೆ ‘ಟಕ್, ಟಕ್’ ಅಂತ ತಟ್ಟುತ್ತದೆ. ನೋವಿಲ್ಲ. ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಕನಿಷ್ಠ ಮೂರು ಗಂಟೆ ಹೊಟ್ಟೆ ಖಾಲಿ ಇರಬೇಕು. ‘ಬರೀ ಒಂದು ಇಡ್ಲಿ ತಿಂದೆ’ ಅಂದರೂ ಆಗದು, ಊಟ ಆದ ಮೇಲೆ ಲಿವರ್‌ಗೆ ರಕ್ತ ಜಾಸ್ತಿ ಹರಿದು ಗಡಸುತನ ಏರಿ ಕಾಣುತ್ತದೆ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ದಪ್ಪ ಇರುವವರು ಎಕ್ಸ್‌ಎಲ್ ಪ್ರೋಬ್ ಇದೆಯಾ ಅಂತ ಫೋನ್‌ನಲ್ಲೇ ಕೇಳಿಕೊಂಡು ಹೋಗಿ. ಮಾಮೂಲಿ ಪ್ರೋಬ್‌ಗೆ ಆಳ ಸಾಲದೆ ಅಳತೆ ತಪ್ಪುತ್ತದೆ.

ಎರಡು ಸಂಖ್ಯೆ ಬರುತ್ತವೆ. ಸಿಎಪಿ ಅನ್ನುವುದು ಕೊಬ್ಬು, ಅದು 100ರಿಂದ 400ರೊಳಗೆ ಇರುತ್ತದೆ. ಎಲ್ಲರೂ ಹೆದರುವುದು ಇದನ್ನು ನೋಡಿ, ದೊಡ್ಡ ಸಂಖ್ಯೆ ಅಲ್ವಾ. ನೀವು ನೋಡಬೇಕಾದ್ದು ಇನ್ನೊಂದನ್ನು. ಕಿಲೋಪಾಸ್ಕಲ್‌ನಲ್ಲಿ ಬರುವ ಗಡಸುತನ. 8ಕ್ಕಿಂತ ಕಡಿಮೆ ಇದ್ದರೆ ಮುಂದುವರಿದ ಫೈಬ್ರೋಸಿಸ್ ಸಾಧ್ಯತೆ ಕಡಿಮೆ. 8ರಿಂದ 12 ಅಂದರೆ ತಜ್ಞರ ಸಲಹೆ ಬೇಕು. 12 ದಾಟಿದರೆ ಅಪಾಯ ಜಾಸ್ತಿ.

ನಂಬುವ ಮೊದಲು ರಿಪೋರ್ಟಿನ ಮೂಲೆ ನೋಡಿ. ಸರಿಯಾದ ಅಳತೆ ಕನಿಷ್ಠ 10 ಇರಬೇಕು. ಅಳತೆಗಳ ನಡುವಿನ ವ್ಯತ್ಯಾಸ ಹೇಳುವ ಐಕ್ಯೂಆರ್ ಪಕ್ಕದ ಶೇಕಡಾವಾರು 30 ಮೀರಬಾರದು. ಮೀರಿದ್ದರೆ, ಮುಖ್ಯವಾಗಿ ಗಡಸುತನ ಜಾಸ್ತಿ ತೋರಿಸಿದ್ದರೆ, ಮತ್ತೊಮ್ಮೆ ಮಾಡಿಕೊಡಿ ಅಂತ ಕೇಳಿ. ಎಸ್‌ಜಿಪಿಟಿ ನೂರಾರು ಇದ್ದಾಗ, ಹೃದಯದ ತೊಂದರೆಯಿಂದ ಮೈ ಊದಿಕೊಂಡಾಗ, ಪಿತ್ತನಾಳ ಕಟ್ಟಿದಾಗ ಸುಳ್ಳೇ ಜಾಸ್ತಿ ಬರುತ್ತದೆ.

ಇದು ಎಲ್ಲ ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಗ್ಯಾಸ್ಟ್ರೋ ವಿಭಾಗ ಇರುವ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿ. ಫಿಬ್-4 1.3ರೊಳಗೆ ಬಂದು, ಶುಗರ್ ಇಲ್ಲದೆ, ಉಳಿದದ್ದೆಲ್ಲ ಸರಿ ಇದ್ದವರು ಇದಕ್ಕಾಗಿ ಬೆಂಗಳೂರಿಗೆ ಬಸ್ ಹತ್ತಬೇಕಾಗಿಲ್ಲ.

## ಹಂತ 8: ಬಯಾಪ್ಸಿ, ಎಂಆರ್

ಬಹುತೇಕರಿಗೆ ಬೇಡ. ಫಿಬ್-4 ಒಂದು ಹೇಳಿ ಫೈಬ್ರೋಸ್ಕ್ಯಾನ್ ಇನ್ನೊಂದು ಹೇಳಿದಾಗ, ಎರಡನೇ ಕಾಯಿಲೆಯ ಅನುಮಾನ ಇದ್ದಾಗ ತಜ್ಞರು ಲಿವರ್‌ನ ಚೂರು ತೆಗೆದು ನೋಡೋಣ ಅನ್ನಬಹುದು. ಎಂಆರ್‌ಐ ಯಂತ್ರದಲ್ಲಿ ಗಡಸುತನ ಅಳೆಯುವ ಎಂಆರ್ ಎಲಾಸ್ಟೋಗ್ರಫಿ ನಿಖರ, ಆದರೆ ದುಬಾರಿ.

## ಈ ಲಕ್ಷಣ ಕಂಡರೆ ಹಂತ ಎಣಿಸಬೇಡಿ

ಕಣ್ಣು ಹಳದಿಯಾಗುವುದು, ರಕ್ತ ವಾಂತಿ, ಟಾರಿನಂತೆ ಕಪ್ಪು ಮಲ, ಕೆಲವೇ ವಾರದಲ್ಲಿ ಹೊಟ್ಟೆ ಊದಿ ಕಾಲಿಗೂ ನೀರು ಬರುವುದು. ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತು ಮರೆಯುವುದು, ಮಂಕಾಗಿ ಕೂರುವುದು. ಈ ಕೊನೆಯದನ್ನು ಮನೆಯವರು ವಯಸ್ಸಾಯಿತು ಅಂತ ಬಿಟ್ಟುಬಿಡುತ್ತಾರೆ. ಇವು ಅವತ್ತೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು.

ಕಾಗದದ ಮೇಲೆ ಕಾಣುವವೂ ಇವೆ. ಜ್ವರ ಇಲ್ಲದೆ ಪ್ಲೇಟ್‌ಲೆಟ್ 1.5 ಲಕ್ಷಕ್ಕಿಂತ ಕೆಳಗೆ, ಲಿವರ್ ತಯಾರಿಸುವ ಪ್ರೋಟೀನ್ ಆದ ಆಲ್ಬುಮಿನ್ 3.5ಕ್ಕಿಂತ ಕೆಳಗೆ, ರಕ್ತ ಹೆಪ್ಪುಗಟ್ಟುವ ವೇಗ ಹೇಳುವ ಐಎನ್‌ಆರ್ ಏರಿಕೆ. ಇವಕ್ಕೆ ತುರ್ತು ವಾರ್ಡ್ ಬೇಡ, ಆದರೆ ಆದಷ್ಟು ಬೇಗ ತಜ್ಞರನ್ನು ನೋಡಬೇಕು.

## ಮತ್ತೆ ಯಾವಾಗ ನೋಡಿಸಬೇಕು

ಫಿಬ್-4 1.3ರೊಳಗೆ ಇದ್ದು ಶುಗರ್ ಇದ್ದರೆ, ಅಥವಾ ಹಂತ 1ರ ಐದರಲ್ಲಿ ಎರಡು ಇಲ್ಲವೇ ಜಾಸ್ತಿ ಇದ್ದರೆ ಒಂದೆರಡು ವರ್ಷಕ್ಕೊಮ್ಮೆ ಅದೇ ಲೆಕ್ಕ ಹಾಕಿ. ಶುಗರ್ ಇಲ್ಲದೆ ಒಂದೇ ಒಂದು ಇದ್ದವರಿಗೆ ಎರಡು ಮೂರು ವರ್ಷ ಸಾಕು. ತಿಂಗಳಿಗೊಮ್ಮೆ ಎಸ್‌ಜಿಪಿಟಿ, ಆರು ತಿಂಗಳಿಗೊಮ್ಮೆ ಗ್ರೇಡ್ ನೋಡಲು ಸ್ಕ್ಯಾನಿಂಗ್ ಮಾಡಿಸುವುದು ದುಡ್ಡು ದಂಡ. ಸಿರೋಸಿಸ್ ಅಂತ ಖಚಿತವಾದವರ ಕಥೆ ಬೇರೆ. ಅವರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬೇಕೇ ಬೇಕು, ಲಿವರ್ ಕ್ಯಾನ್ಸರ್ ಬೇಗ ಸಿಗಲಿ ಅಂತ.

ಹೃದಯವನ್ನು ಮರೆಯಬೇಡಿ. ಫ್ಯಾಟಿ ಲಿವರ್ ಇರುವವರಲ್ಲಿ ಲಿವರ್‌ನಿಂದ ಸಾಯುವವರಿಗಿಂತ ಹೃದಯದ ಕಾಯಿಲೆಯಿಂದ ಸಾಯುವವರೇ ಜಾಸ್ತಿ. ವೈದ್ಯರ ಹತ್ತಿರ ಹೋದಾಗ ಬಿಪಿ, ಶುಗರ್, ಕೊಲೆಸ್ಟ್ರಾಲ್ ಕಾಗದಗಳನ್ನೂ ಅದೇ ಫೈಲ್‌ನಲ್ಲಿ ಇಟ್ಟುಕೊಂಡಿರಿ. ಫೈಲ್‌ನ ಮೊದಲ ಹಾಳೆಯಲ್ಲಿ ಸೊಂಟದ ಅಳತೆ, ಕುಡಿತದ ಗ್ರಾಂ ಲೆಕ್ಕ, ಫಿಬ್-4 ಸಂಖ್ಯೆ ಮತ್ತು ಅದರ ತಾರೀಕು ಬರೆದಿಡಿ.